ಕಾಲ್ಡರ್ ವರದಿ: ಒಂದು ಮರುವಿಮರ್ಶೆ

ಸ್ವತಂತ್ರ ಭಾರತದ ತೆರಿಗೆ ಪದ್ಧತಿಯನ್ನು ಕುರಿತ ಬರಹಗಳಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರ 1956ರ ವರದಿಯಷ್ಟು ಹೆಸರಾದದ್ದೂ ಅದರಷ್ಟು ಕಡಮೆ ಓದಲ್ಪಟ್ಟದ್ದೂ ಬಹುಶಃ ಬೇರೊಂದಿಲ್ಲ. ಗಾತ್ರದಲ್ಲಿ ಅದು ಚಿಕ್ಕದು. ಅದಕ್ಕೆ ತುಸು ಮುಂಚೆಯಷ್ಟೆ ಜಾನ್ ಮಥಾಯಿ ಅವರ ಅಧ್ಯಕ್ಷತೆಯ ತೆರಿಗೆ ವಿಚಾರಣಾ ಆಯೋಗವು ಮೂರು ಸಂಪುಟಗಳಲ್ಲಿ ತನ್ನ ವಿಚಾರವನ್ನು ಮಂಡಿಸಿತ್ತು. ತೆರಿಗೆ ಕಳೆದು ಉಳಿಯುವ ವೈಯಕ್ತಿಕ ವರಮಾನವು ದೇಶದ ಸರಾಸರಿ ಕುಟುಂಬದ ವರಮಾನದ ಸುಮಾರು 30 ಪಟ್ಟನ್ನು ಮೀರಬಾರದೆಂಬ ಅದರ ಸಲಹೆ ಸುಪ್ರಸಿದ್ಧವಾಗಿದೆ. ಗುರಿಯನ್ನು ಹೇಳಿದ ಆಯೋಗಕ್ಕಿಂತ ದಾರಿಯನ್ನು ಹೇಳಿದ ವಿದೇಶೀ ವಿದ್ವಾಂಸರೇ ಸರ್ಕಾರಕ್ಕೆ ಹೆಚ್ಚು ಪ್ರಿಯರಾದರು. ಆ ದಾರಿ ಎಲ್ಲಿಗೂ ಮುಟ್ಟಲಿಲ್ಲವೆಂಬುದು ಈಗ ಚರಿತ್ರೆಯ ವಿಷಯ. ಏಕೆ ಮುಟ್ಟಲಿಲ್ಲವೆಂಬ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳು ಕೊಡುವ ಉತ್ತರ ಮಾತ್ರ ತೃಪ್ತಿಕರವಾಗಿಲ್ಲ. ಸರ್ಕಾರ ವರದಿಯನ್ನು ಅರೆಬರೆಯಾಗಿ ಒಪ್ಪಿದ್ದರಿಂದ ಅದು ಕೆಟ್ಟಿತು ಎಂಬುದೇ ಆ ಉತ್ತರ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೆ ದೋಷದ ಬೀಜ ವರದಿಯ ಒಳಗೇ ಇತ್ತೆಂದು ಪ್ರಕೃತ ಲೇಖನದ ಅಭಿಪ್ರಾಯ.

ಮೊದಲು ವಾದವನ್ನು ನ್ಯಾಯವಾಗಿ ನಿರೂಪಿಸುವುದು ಅಗತ್ಯ. ಅಂದಿನ ವರಮಾನ ತೆರಿಗೆಯ ಅತ್ಯುನ್ನತ ದರ ಶೇಕಡ 90ನ್ನು ಮೀರಿತ್ತು. ಕಾಲ್ಡರ್ ಅವರ ದೃಷ್ಟಿಯಲ್ಲಿ ಇದು ಸಮಾನತೆಯ ಲಕ್ಷಣವಲ್ಲ, ಸಮಾನತೆಯ ವೇಷ. ಇಷ್ಟು ಎತ್ತರದ ದರವನ್ನು ಯಾರೂ ಪ್ರಾಮಾಣಿಕವಾಗಿ ತೆರುವುದಿಲ್ಲ. ಸಂಬಳದವನು ತಪ್ಪಿಸಿಕೊಳ್ಳಲಾರ, ಆಸ್ತಿವಂತನು ತಪ್ಪಿಸಿಕೊಳ್ಳದೆ ಬಿಡಲಾರ. ತಪ್ಪಿಹೋಗುತ್ತಿದ್ದ ವರಮಾನ ತೆರಿಗೆಯ ಮೊತ್ತವನ್ನು ಅವರು ವರ್ಷಕ್ಕೆ 200ರಿಂದ 300 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿದರು. ಆದಕಾರಣ ದರವನ್ನು ಶೇಕಡ 45ಕ್ಕೆ ಇಳಿಸಿ, ತೆರಿಗೆಯ ತಳಹದಿಯನ್ನು ವಿಸ್ತರಿಸಬೇಕು. ವರಮಾನ ತೆರಿಗೆಯ ಜೊತೆಗೆ ಬಂಡವಾಳ ಲಾಭದ ತೆರಿಗೆ, ವಾರ್ಷಿಕ ಸಂಪತ್ತಿನ ತೆರಿಗೆ, ವೈಯಕ್ತಿಕ ವೆಚ್ಚದ ತೆರಿಗೆ, ದಾನ ತೆರಿಗೆ ಇವುಗಳನ್ನೂ ಸೇರಿಸಿ, ಎಲ್ಲವನ್ನೂ ಒಂದೇ ವಿವರಣಪತ್ರದ ಮೇಲೆ ನಿರ್ಧರಿಸಬೇಕು ಎಂಬುದು ಅವರ ಸೂಚನೆ. ಸಮೃದ್ಧಿಯ ದೃಷ್ಟಿಯಿಂದ ಇದರ ಮುಖ್ಯ ಅಂಗ ವೆಚ್ಚದ ತೆರಿಗೆ. ಉಳಿಸಿ ಹೂಡುವವನನ್ನು ಬಿಟ್ಟು, ಉಂಡು ಉಡುವುದರಲ್ಲಿ ಕಳೆಯುವವನನ್ನು ಹಿಡಿಯುವುದರಿಂದ ಉಳಿತಾಯಕ್ಕೆ ಧಕ್ಕೆಯಿಲ್ಲ. ಭೋಗದ ಅಸಮಾನತೆಯೂ ಕಡಮೆಯಾಗುತ್ತದೆ. ಬೆಳವಣಿಗೆಗೂ ಸಮಾನತೆಗೂ ವಿರೋಧವಿದೆಯೆಂಬ ಹಳೆಯ ಸಿದ್ಧಾಂತವನ್ನು ಇಷ್ಟು ಸರಳವಾಗಿ ದಾಟಿದ ಯೋಜನೆ ಅಪೂರ್ವವೆಂದೇ ಹೇಳಬೇಕು.

ಈ ಯೋಜನೆಯ ಜೀವಾಳ ಪರಸ್ಪರ ಪರಿಶೀಲನೆಯ ತತ್ತ್ವ. ಐದು ತೆರಿಗೆಗಳೂ ಒಂದನ್ನೊಂದು ಕಾಯುತ್ತವೆ. ಒಂದರಿಂದ ತಪ್ಪಿಸಿಕೊಂಡವನು ಮತ್ತೊಂದರ ಬಲೆಗೆ ಬೀಳುತ್ತಾನೆ ಎಂದು ಅವರು ನಂಬಿದರು. ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಬ್ಬನಿಗೆ ವರ್ಷದ ಆರಂಭದಲ್ಲಿ 5 ಲಕ್ಷ ರೂಪಾಯಿ ಆಸ್ತಿಯಿದೆ. ತೆರಿಗೆ ಕಳೆದು 1 ಲಕ್ಷ ವರಮಾನ ಬಂತು. ವರ್ಷದ ಕೊನೆಗೆ ಆಸ್ತಿ 5 ಲಕ್ಷ 60 ಸಾವಿರವಾಯಿತು. ಹಾಗಾದರೆ ಅವನು 40 ಸಾವಿರ ಖರ್ಚು ಮಾಡಿದ್ದಾನೆ. ಅವನು ಸಂಪತ್ತಿನ ತೆರಿಗೆಗೆ ಅಂಜಿ 20 ಸಾವಿರದ ಆಸ್ತಿಯನ್ನು ಮುಚ್ಚಿಟ್ಟನೆನ್ನೋಣ. ಆಗ ಕಾಗದದ ಮೇಲೆ ಅವನ ವೆಚ್ಚ 60 ಸಾವಿರಕ್ಕೆ ಏರುತ್ತದೆ, ವೆಚ್ಚದ ತೆರಿಗೆ ಅವನನ್ನು ಹಿಡಿಯುತ್ತದೆ. ಬಹಳ ಸೊಗಸಾದ ಉಪಾಯ. ತರಗತಿಯಲ್ಲಿ ಇದನ್ನು ಕಪ್ಪುಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಹಲವು ವರ್ಷ ಕಂಡಿದ್ದೇನೆ.

ಆದರೆ ಒಂದು ವರ್ಷ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಅಂಗಡಿಯವರ ಮನೆಯ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ‘ಆ 20 ಸಾವಿರವನ್ನು ಅವನು ವರಮಾನದಲ್ಲೂ ತೋರಿಸದಿದ್ದರೆ?’ ಎಂದು ಅವನು ಕೇಳಿದ. ವರಮಾನ 80 ಸಾವಿರ, ಕೊನೆಯ ಆಸ್ತಿ 5 ಲಕ್ಷ 40 ಸಾವಿರ, ವೆಚ್ಚ ಯಥಾಪ್ರಕಾರ 40 ಸಾವಿರ. ಸಮೀಕರಣ ಸರಿಹೋಯಿತು, ಐದು ಕಾವಲುಗಾರರೂ ನಿದ್ದೆ ಹೋದರು. ಲೆಕ್ಕದ ಹೊರಗೆ ಸಂಪಾದಿಸಿ ಲೆಕ್ಕದ ಹೊರಗೇ ಇಡುವ ಹಣವನ್ನು ಈ ವ್ಯವಸ್ಥೆ ಕಾಣಲಾರದು. ಲೆಕ್ಕದ ಒಳಗಿದ್ದ ಹಣ ಹೊರಗೆ ಜಾರುವುದನ್ನು ಮಾತ್ರ ಅದು ಕಾಣಬಲ್ಲದು. ನಮ್ಮ ದೇಶದಲ್ಲಿ ತೆರಿಗೆ ವಂಚನೆಯ ಮುಖ್ಯ ರೂಪ ಮೊದಲನೆಯದೇ ಅಲ್ಲವೆ?

ಇದಕ್ಕೆ ಕಾಲ್ಡರ್ ಅವರಲ್ಲಿ ಉತ್ತರವಿರಲಿಲ್ಲವೆಂದಲ್ಲ. ಪ್ರತಿಯೊಂದು ವ್ಯವಹಾರಕ್ಕೂ ಇಬ್ಬರು ಪಕ್ಷಗಾರರಿರುತ್ತಾರೆ. ಮಾರುವವನು ಬೆಲೆಯನ್ನು ಕಡಮೆ ತೋರಿಸಿದರೆ, ಮುಂದೆ ತಾನು ಮಾರುವಾಗ ಹೆಚ್ಚಿನ ಲಾಭದ ತೆರಿಗೆಗೆ ಗುರಿಯಾಗಬೇಕಾದೀತೆಂದು ಕೊಳ್ಳುವವನು ಒಪ್ಪುವುದಿಲ್ಲ ಎಂಬ ತರ್ಕ ಅವರದು. ಆಸ್ತಿಯ ಹಸ್ತಾಂತರಗಳೆಲ್ಲ ತೆರಿಗೆಯ ಅಧಿಕಾರಿಗಳಿಗೆ ವರದಿಯಾಗಬೇಕೆಂಬ ಸೂಚನೆಯೂ ಅವರಲ್ಲಿತ್ತು. ಈ ತರ್ಕವನ್ನು ನಮ್ಮ ಯಾವುದೇ ತಾಲ್ಲೂಕಿನ ಉಪನೋಂದಣಿ ಕಚೇರಿಯ ಮುಂದೆ ನಿಂತು ಪರೀಕ್ಷಿಸಬಹುದು. ಕೊಳ್ಳುವವನು ಪತ್ರದಲ್ಲಿ ಬರೆದ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಕೊಡಬೇಕು, ಅದೂ ಇಂದೇ. ಸಂಪತ್ತಿನ ತೆರಿಗೆ ಇದ್ದ ಕಾಲದಲ್ಲಿ ಅದನ್ನೂ ಪ್ರತಿವರ್ಷ ತೆರಬೇಕಾಗಿತ್ತು. ಅವನ ಕೈಯಲ್ಲಿರುವ ಹಣದಲ್ಲಿ ಒಂದು ಭಾಗ ಲೆಕ್ಕವಿಲ್ಲದ್ದಾದರೆ, ಅದನ್ನು ಪತ್ರದಲ್ಲಿ ಬರೆಯುವುದೇ ಅಪಾಯ. ಎಂದೋ ಬರಬಹುದಾದ ಲಾಭದ ತೆರಿಗೆಗೆ ಅಂಜಿ ಇಂದಿನ ಈ ಮೂರು ತೊಂದರೆಗಳನ್ನು ಮೈಮೇಲೆ ಎಳೆದುಕೊಳ್ಳುವವನು ಇಲ್ಲವೆಂದೇ ಹೇಳಬಹುದು. ಇಬ್ಬರ ಹಿತವೂ ಕಡಮೆ ಬೆಲೆ ಬರೆಯುವುದರಲ್ಲಿ ಒಂದಾಗುತ್ತದೆ. ಇಲ್ಲಿ ವಿಪರ್ಯಾಸವೇನೆಂದರೆ, ಕಾಲ್ಡರ್ ಅವರ ಸಂಪತ್ತಿನ ತೆರಿಗೆಯೇ ಅವರ ಬಂಡವಾಳ ಲಾಭದ ತೆರಿಗೆಯ ಕಾವಲನ್ನು ಸಡಿಲಿಸುತ್ತದೆ.

ಸರ್ಕಾರ ಮಾಡಿದ್ದನ್ನು ಇನ್ನು ನೋಡಬಹುದು. 1949ರಲ್ಲಿ ರದ್ದಾಗಿದ್ದ ಬಂಡವಾಳ ಲಾಭದ ತೆರಿಗೆ 1956ರಲ್ಲಿ ಮತ್ತೆ ಬಂತು. ಅರ್ಥಸಚಿವರಾದ ಟಿ. ಟಿ. ಕೃಷ್ಣಮಾಚಾರಿಯವರು 1957ರಲ್ಲಿ ಸಂಪತ್ತಿನ ತೆರಿಗೆಯನ್ನೂ ವೆಚ್ಚದ ತೆರಿಗೆಯನ್ನೂ ತಂದರು. ದಾನ ತೆರಿಗೆ 1958ರಲ್ಲಿ ಸೇರಿತು. ವರಮಾನ ತೆರಿಗೆಯ ದರವನ್ನು ತುಸು ಇಳಿಸಿದರೂ ಅದು ಶೇಕಡ 45ರ ಹತ್ತಿರಕ್ಕೂ ಬರಲಿಲ್ಲ. ಔಷಧದ ಜೊತೆಗೆ ಪಥ್ಯವನ್ನು ಹೇಳಿದ ವೈದ್ಯನಿಂದ ಔಷಧವನ್ನಷ್ಟೇ ಕೊಂಡಂತಾಯಿತು.

ವೆಚ್ಚದ ತೆರಿಗೆಯ ಕಾಯಿದೆಯನ್ನು ತುಸು ನಿಧಾನಿಸಿ ಓದಬೇಕು. ವರ್ಷಕ್ಕೆ 30,000 ರೂಪಾಯಿಯವರೆಗಿನ ವೆಚ್ಚಕ್ಕೆ ತೆರಿಗೆಯಿರಲಿಲ್ಲ. ವಿವಾಹ, ಚಿಕಿತ್ಸೆ ಮೊದಲಾದ ಬಾಬುಗಳಿಗೆ ಬೇರೆ ವಿನಾಯಿತಿಗಳಿದ್ದವು. ಇವು ಸಹಜವೇ. ಆದರೆ ತೆರಿಗೆ ಕಳೆದು ಉಳಿದ ವರಮಾನ 36,000 ರೂಪಾಯಿಯನ್ನು ಮೀರದವನಿಗೆ ಈ ತೆರಿಗೆಯೇ ಇಲ್ಲವೆಂದು ಕಾಯಿದೆ ಹೇಳಿತು. ವರಮಾನವನ್ನು ಮುಚ್ಚಿಟ್ಟು, ಅಥವಾ ಹಿಂದಿನ ಸಂಪತ್ತನ್ನು ಕರಗಿಸಿ ವೈಭವದಿಂದ ಬದುಕುವವನನ್ನು ಹಿಡಿಯಲೆಂದೇ ವೆಚ್ಚದ ತೆರಿಗೆ ಹುಟ್ಟಿತ್ತು. ಅಂಥವನ ವರಮಾನ ಕಾಗದದ ಮೇಲೆ ಕಡಮೆಯಿರುವುದೇ ಅವನ ಲಕ್ಷಣ. ಅವನಿಗೇ ಬಾಗಿಲು ತೆರೆದು, ವರಮಾನವನ್ನು ಸರಿಯಾಗಿ ತೋರಿಸಿದವನನ್ನು ಎರಡನೆಯ ಸಲ ತಡೆದು ನಿಲ್ಲಿಸಿದ ಈ ಕಾಯಿದೆಯ ಹುಟ್ಟುವಳಿ ವರ್ಷಕ್ಕೆ ಒಂದು ಕೋಟಿ ರೂಪಾಯಿಯ ಆಸುಪಾಸನ್ನು ದಾಟಲಿಲ್ಲ. 1962ರಲ್ಲಿ ಮೊರಾರ್ಜಿ ದೇಸಾಯಿಯವರು ಅದನ್ನು ತೆಗೆದರು. 1964ರಲ್ಲಿ ಕೃಷ್ಣಮಾಚಾರಿಯವರು ಮತ್ತೆ ತಂದರು. 1966ರಲ್ಲಿ ಅದು ಶಾಶ್ವತವಾಗಿ ಹೋಯಿತು. ಸಿಲೋನಿನಲ್ಲಿಯೂ ಕಾಲ್ಡರ್ ಅವರ ಸಲಹೆಯಂತೆ ಬಂದ ವೆಚ್ಚದ ತೆರಿಗೆ ಹೆಚ್ಚು ಕಾಲ ಬಾಳಲಿಲ್ಲ.

ವರಮಾನ ತೆರಿಗೆಯ ದರವಾದರೋ ಮತ್ತೆ ಏರಿತು. 1970ರ ದಶಕದ ಆರಂಭದಲ್ಲಿ ಅಧಿಭಾರವೂ ಸೇರಿ ಅದು ಶೇಕಡ 97.75ನ್ನು ಮುಟ್ಟಿತು. ಮೇಲ್ತುದಿಯಲ್ಲಿದ್ದವನು ಹೆಚ್ಚಾಗಿ ಗಳಿಸಿದ ಒಂದು ರೂಪಾಯಿಯಲ್ಲಿ ಅವನಿಗೆ ಉಳಿಯುತ್ತಿದ್ದುದು ಎರಡೂಕಾಲು ಪೈಸೆ. ಮುಚ್ಚಿಟ್ಟರೆ ನೂರು ಪೈಸೆಯೂ ಅವನದೇ. 1971ರಲ್ಲಿ ವಾಂಛೂ ಸಮಿತಿ ವಂಚನೆಯ ಕಾರಣಗಳಲ್ಲಿ ಮೊದಲ ಸ್ಥಾನವನ್ನು ಎತ್ತರದ ದರಕ್ಕೆ ಕೊಟ್ಟು, ಅದನ್ನು ಶೇಕಡ 75ಕ್ಕೆ ಇಳಿಸಬೇಕೆಂದಿತು. ತೆರಿಗೆಗೆ ಒಳಪಡದೆ ತಪ್ಪಿದ ವರಮಾನವನ್ನು ಆ ಸಮಿತಿ 1961-62ಕ್ಕೆ 700 ಕೋಟಿಯೆಂದೂ 1968-69ಕ್ಕೆ 1,400 ಕೋಟಿಯೆಂದೂ ಅಂದಾಜು ಮಾಡಿತು. ಇವು ಅಂದಾಜುಗಳೇ ಆದರೂ ದಿಕ್ಕನ್ನು ತೋರಿಸುತ್ತವೆ.

ಇದಕ್ಕಿಂತ ದೊಡ್ಡ ಕಿಂಡಿಯೊಂದಿತ್ತು. ಸಂವಿಧಾನದಂತೆ ಕೃಷಿ ವರಮಾನದ ಮೇಲಣ ತೆರಿಗೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ಕಾಲ್ಡರ್ ಅವರು ಪರಿಶೀಲಿಸಿದ್ದು ವೈಯಕ್ತಿಕ ಹಾಗೂ ವ್ಯಾಪಾರ ಸಂಬಂಧದ ನೇರ ತೆರಿಗೆಗಳನ್ನು. ರಾಷ್ಟ್ರೀಯ ವರಮಾನದ ಸುಮಾರು ಅರ್ಧಭಾಗ ಬೇಸಾಯದಿಂದ ಬರುತ್ತಿದ್ದ ದೇಶದಲ್ಲಿ, ಬೇಸಾಯವನ್ನು ಹೊರಗಿಟ್ಟ ಸಮಗ್ರ ಯೋಜನೆಗೆ ಸಮಗ್ರವೆಂಬ ಹೆಸರು ಸಲ್ಲದು. ದೊಡ್ಡ ಹಿಡುವಳಿದಾರರು ತೆರಿಗೆಯಿಲ್ಲದೆ ಉಳಿದರೆಂಬುದಷ್ಟೇ ಇಲ್ಲಿನ ತೊಂದರೆಯಲ್ಲ. ಹಿಂದೆ ಹೇಳಿದ ಸಮೀಕರಣವನ್ನು ನೆನೆಯಿರಿ. ಮುಚ್ಚಿಟ್ಟ ಹಣವನ್ನು ಬೆಳಕಿಗೆ ತರಬೇಕಾದವನು ಒಂದು ತೋಟವನ್ನು ಕೊಂಡು, ಆ ಹಣ ತೋಟದ ಫಸಲೆಂದರೆ ಸಾಕು; ಲೆಕ್ಕ ಮತ್ತೆ ಸರಿಹೋಗುತ್ತದೆ. ಮೈಸೂರು ರಾಜ್ಯವು 1957ರಲ್ಲಿ ಕೃಷಿ ವರಮಾನ ತೆರಿಗೆಯ ಕಾಯಿದೆ ಮಾಡಿತೇನೋ ನಿಜ. ಆದರೆ ಅದರ ಭಾರ ಮುಖ್ಯವಾಗಿ ಬಿದ್ದದ್ದು ಕೊಡಗು, ಚಿಕ್ಕಮಗಳೂರುಗಳ ಕಾಫಿಯಂಥ ತೋಟದ ಬೆಳೆಗಳ ಮೇಲೆ. ಕೃಷಿಭೂಮಿಯನ್ನು ಸಂಪತ್ತಿನ ತೆರಿಗೆಗೆ ಒಳಪಡಿಸಿದ 1969ರ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಎತ್ತಿಹಿಡಿದರೂ, 1980ರ ದಶಕದ ಆರಂಭದ ಹೊತ್ತಿಗೆ ಅದೂ ಕಳಚಿಹೋಯಿತು. 1963ರ ಲೇಖನವೊಂದರಲ್ಲಿ ಕಾಲ್ಡರ್ ಅವರೇ ಹಿಂದುಳಿದ ದೇಶಗಳಿಗೆ ಪ್ರಗತಿಪರ ಭೂಮಿ ತೆರಿಗೆ ಅತ್ಯಗತ್ಯವೆಂದು ವಾದಿಸಿದ್ದನ್ನು ಇಲ್ಲಿ ಸ್ಮರಿಸಬೇಕು.

ಹಾಗಾದರೆ ಯೋಜನೆಗಳಿಗೆ ಹಣ ಬಂದದ್ದು ಎಲ್ಲಿಂದ? ಕೇಂದ್ರದ ಅಬಕಾರಿ ಸುಂಕದ ಹುಟ್ಟುವಳಿ 1950-51ರಲ್ಲಿ ಸುಮಾರು 67 ಕೋಟಿ ಇದ್ದದ್ದು 1960-61ರಲ್ಲಿ ಸುಮಾರು 416 ಕೋಟಿಯಾಯಿತು. ಅದೇ ಅವಧಿಯಲ್ಲಿ ವೈಯಕ್ತಿಕ ವರಮಾನ ತೆರಿಗೆ ಸುಮಾರು 133 ಕೋಟಿಯಿಂದ 167 ಕೋಟಿಗೆ ಮಾತ್ರ ಏರಿತು. ಬಟ್ಟೆ, ಸಕ್ಕರೆ, ಬೆಂಕಿಕಡ್ಡಿ, ಹೊಗೆಸೊಪ್ಪು, ಸೀಮೆ ಎಣ್ಣೆಗಳನ್ನು ಕೊಳ್ಳುವವರು ಎಲ್ಲರೂ. ಸಂಪತ್ತಿನ ತೆರಿಗೆ, ವೆಚ್ಚದ ತೆರಿಗೆಗಳ ಸುದ್ದಿ ಪತ್ರಿಕೆಗಳ ಮೊದಲ ಪುಟದಲ್ಲಿ ಮೆರೆಯುತ್ತಿದ್ದಾಗ ಕೂಲಿಯವನ ಬೀಡಿಯ ಮೇಲೂ ಬೆಂಕಿಪೆಟ್ಟಿಗೆಯ ಮೇಲೂ ಸುಂಕ ಬೆಳೆಯಿತು. ಶ್ರೀಮಂತರ ಮೇಲಣ ತೆರಿಗೆಯ ಸದ್ದು ಬಡವರ ಮೇಲಣ ತೆರಿಗೆಯನ್ನು ಸಹ್ಯವಾಗಿಸಿತೆಂದರೆ ಕಠೋರವಾದೀತು. ಅಂಕಿಗಳು ಆ ಅರ್ಥಕ್ಕೆ ಎಡೆಕೊಡುತ್ತವೆ ಎನ್ನದೆ ವಿಧಿಯಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಗಂಭೀರ ಸಾಕ್ಷ್ಯವಿದೆ. ಲುಕಾ ಷಾನ್ಸೆಲ್ ಮತ್ತು ತೋಮಾ ಪಿಕೆಟಿ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರಾಷ್ಟ್ರೀಯ ವರಮಾನದಲ್ಲಿ ಅತ್ಯಂತ ಮೇಲಿನ ಶೇಕಡ 1 ಮಂದಿಯ ಪಾಲು 1930ರ ದಶಕದ ಕೊನೆಯಲ್ಲಿ ಶೇಕಡ 21ರಷ್ಟಿದ್ದು, 1980ರ ದಶಕದ ಆರಂಭದ ಹೊತ್ತಿಗೆ ಶೇಕಡ 6ಕ್ಕೆ ಇಳಿದು, 2014ರಲ್ಲಿ ಶೇಕಡ 22ಕ್ಕೆ ಮರಳಿತು. ಎತ್ತರದ ದರಗಳ ಕಾಲದಲ್ಲಿ ಅಸಮಾನತೆ ಇಳಿಯಿತೆಂದೂ ದರ ಇಳಿದೊಡನೆ ಅದು ಏರಿತೆಂದೂ ಇದರಿಂದ ಹೇಳಬಹುದಾಗಿದೆ. ಆದರೆ ಆ ಮೇಲ್ತುದಿಯ ಪಾಲನ್ನು ಅಳೆದದ್ದು ಮುಖ್ಯವಾಗಿ ವರಮಾನ ತೆರಿಗೆಯ ಕೋಷ್ಟಕಗಳಿಂದ. ಶೇಕಡ 97.75ರ ದರದ ಕಾಲದ ವಿವರಣಪತ್ರದಲ್ಲಿ ಶ್ರೀಮಂತನು ಬರೆದುಕೊಟ್ಟ ವರಮಾನವೂ ಅವನ ನಿಜ ವರಮಾನವೂ ಒಂದೇ ಎಂದು ಭಾವಿಸಲಾದೀತೆ? ಇಳಿಕೆಯೆಲ್ಲ ಸುಳ್ಳೆಂದು ನಾನು ಹೇಳಲಾರೆ. ಜಮೀನ್ದಾರಿಯ ರದ್ದು, ಸಂಸ್ಥಾನಗಳ ಅಂತ್ಯ, ದೊಡ್ಡ ಉದ್ಯಮಗಳ ರಾಷ್ಟ್ರೀಕರಣ ಇವೆಲ್ಲ ನಿಜವಾದ ಕಾರಣಗಳು. ಇಳಿಕೆಯ ಎಷ್ಟು ಭಾಗ ಸಮಾನತೆ, ಎಷ್ಟು ಭಾಗ ಮರೆ ಎಂಬುದನ್ನು ಅದೇ ಕೋಷ್ಟಕಗಳು ಹೇಳಲಾರವು.

ಸಮೃದ್ಧಿಯ ವಿಷಯದಲ್ಲೂ ಅವಸರದ ತೀರ್ಪು ಸಲ್ಲದು. 1950ರಿಂದ 1980ರವರೆಗಿನ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇಕಡ 3.5ರಷ್ಟಿದ್ದುದಕ್ಕೆ ತೆರಿಗೆಯನ್ನೇ ಹೊಣೆ ಮಾಡುವವರಿದ್ದಾರೆ. ಅದೇ ಕಾಲದಲ್ಲಿ ದೇಶದ ಉಳಿತಾಯ ರಾಷ್ಟ್ರೀಯ ವರಮಾನದ ಸುಮಾರು ಹತ್ತನೆಯ ಒಂದು ಪಾಲಿನಿಂದ ಐದನೆಯ ಒಂದು ಪಾಲಿಗೆ ಏರಿತೆಂಬುದನ್ನು ಅವರು ಮರೆಯುತ್ತಾರೆ. ಉಳಿತಾಯಕ್ಕೆ ತೆರಿಗೆ ಮಾರಕವೆಂಬ ಕಾಲ್ಡರ್ ಅವರ ಆತಂಕವೂ ಇಲ್ಲಿ ಪೂರ್ತಿ ಸಮರ್ಥನೆ ಪಡೆಯುವುದಿಲ್ಲ. ಕೆಟ್ಟದ್ದು ಉಳಿತಾಯದ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಸ್ವರೂಪ. ಲೆಕ್ಕ ಕೇಳದ ಚಿನ್ನ, ನಿವೇಶನ, ದಾಸ್ತಾನುಗಳು ಲೆಕ್ಕ ಕೇಳುವ ಹೂಡಿಕೆಗಿಂತ ಹಿತವಾಗಿ ಕಂಡವು.

ಕಾಲ್ಡರ್ ಅವರ ತೆರಿಗೆಗಳು ಒಂದೊಂದಾಗಿ ಹೋದವು. ದಾನ ತೆರಿಗೆ 1998ರಲ್ಲಿ ರದ್ದಾಯಿತು. ಸಂಪತ್ತಿನ ತೆರಿಗೆಯನ್ನು 2015ರ ಆಯವ್ಯಯದಲ್ಲಿ ಅರುಣ್ ಜೇಟ್ಲಿಯವರು ತೆಗೆದಾಗ ಅದರ ವಾರ್ಷಿಕ ಹುಟ್ಟುವಳಿ ಸುಮಾರು ಒಂದು ಸಾವಿರ ಕೋಟಿ ಮಾತ್ರ. 1953ರ ಎಸ್ಟೇಟ್ ಸುಂಕ 1985ರಲ್ಲಿಯೇ ಮುಗಿದಿತ್ತು. ವರದಿಗೆ ಬೇಕಾಗಿದ್ದ ಸಾಧನಗಳು ಈ ತೆರಿಗೆಗಳು ಮರೆಯಾಗುತ್ತಿದ್ದ ಕಾಲದಲ್ಲಿಯೇ ಬೆಳೆದವೆಂಬುದು ವಿಚಿತ್ರ. ಕಾಯಂ ಖಾತೆ ಸಂಖ್ಯೆ, ಮೂಲದಲ್ಲೇ ಕಡಿತವಾಗುವ ತೆರಿಗೆ, ಬ್ಯಾಂಕು, ನೋಂದಣಿ ಕಚೇರಿಗಳಿಂದ ನೇರವಾಗಿ ಬರುವ ಮಾಹಿತಿ ಇವುಗಳಿಂದ ಇಂದು ತೆರಿಗೆದಾರನ ಸ್ವಂತ ಹೇಳಿಕೆಯ ಹೊರಗಣ ಸಾಕ್ಷ್ಯ ಅಧಿಕಾರಿಗಳ ಕೈಸೇರುತ್ತದೆ. ಸಂಪತ್ತಿನ ತೆರಿಗೆಯನ್ನು ಮತ್ತೆ ತರಬೇಕೆಂಬ ವಾದ ಈಗ ಕೇಳಿಬರುತ್ತಿರುವಾಗ, 1957ರ ಸೋಲನ್ನು ಮಾತ್ರ ತೋರಿಸಿ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಅಂದು ಇಲ್ಲದ ಸಾಕ್ಷ್ಯ ಇಂದು ಇದೆ. ಆದರೆ ಕೃಷಿ ವರಮಾನದ ಕಿಂಡಿ ಕೇಂದ್ರದ ವರಮಾನ ತೆರಿಗೆಯ ಕಾಯಿದೆಯಲ್ಲಿ ಅಂದಿನಂತೆಯೇ ತೆರೆದಿದೆ, ಮತ್ತು ಈ ವಾದವನ್ನು ಮಂಡಿಸುವವರು ಅದರ ಮಾತನ್ನು ಹೆಚ್ಚಾಗಿ ಎತ್ತುವುದಿಲ್ಲ.