ಎಲ್ಲಿಯವರೆಗೆ ತಲುಪಿದೆ?

ದೂರದ ಕಂಪ್ಯೂಟರಿಗೆ ಕನೆಕ್ಟ್ ಆಗದಿದ್ದಾಗ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂರು ಕಾರಣ ಮುಂದಿಡುತ್ತದೆ: ಆ ಕಡೆ ರಿಮೋಟ್ ಸೌಲಭ್ಯ ಆನ್ ಆಗಿಲ್ಲ, ಆ ಕಂಪ್ಯೂಟರ್ ಆಫ್ ಆಗಿದೆ, ಇಲ್ಲವೇ ಅದು ನೆಟ್‌ವರ್ಕಿನಲ್ಲಿ ಸಿಗುತ್ತಿಲ್ಲ. ಕಚೇರಿಯೊಳಗೇ ಕೂತು ಪಕ್ಕದ ಕೋಣೆಯ ಕಂಪ್ಯೂಟರ್ ತೆರೆಯುವವರಿಗೆ ಈ ಪಟ್ಟಿ ಸಾಕು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದವರಿಗೆ ಸಾಲದು. ಅವರ ಪಾಲಿಗೆ ಮನೆಯ ರೂಟರ್, ಊರಿನ ಫೈಬರ್, ಕಂಪನಿಯ ವಿಪಿಎನ್, ಕಚೇರಿಯ ಫೈರ್‌ವಾಲ್ ಎಲ್ಲವೂ ಆ ಮೂರನೆಯ ಸಾಲಿನೊಳಗೇ ಅಡಗಿ ಕೂತಿರುತ್ತವೆ.

ಬಾಗಳಿಗೆ ಹೊರಗಿನವರು ಬರುವುದು ಕಲ್ಲೇಶ್ವರನ ಗುಡಿ ನೋಡಲು. ಇಂಥ ಊರುಗಳ ಹುಡುಗರು ಹೊರಗೆ ಹೋಗುವುದು ಕೆಲಸಕ್ಕೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಕೆಲಸವೇ ಅವರ ಬೆನ್ನುಹತ್ತಿ ಊರಿಗೆ ಬಂತು, ಒಂದಿಷ್ಟು ಇಲ್ಲೇ ಉಳಿಯಿತು. ಅಂದಿನಿಂದ ಹಬ್ಬದ ಮರುದಿನ ಬೆಳಿಗ್ಗೆ ನನಗೆ ಬರುವ ಫೋನಿನ ಧಾಟಿ ಒಂದೇ: “ಅಣ್ಣಾ, ನೆಟ್ ಐತಿ, ವಾಟ್ಸಾಪ್ ಹೊಂಟೈತಿ, ಆಫೀಸ್ ಮಾತ್ರ ತೆಗೀವಲ್ದು.” ನಾನು ಮೊದಲು ಕೇಳುವುದು ಒಂದೇ ಮಾತು: “ಆಗಲ್ಲ ಅಂತ ಹೇಳಾಕ ಅದು ಎಷ್ಟೊತ್ತು ತಗೊಂತಪ್ಪ?”

ಇಡೀ ವಿದ್ಯೆ ಇರುವುದು ಈ ಪ್ರಶ್ನೆಯಲ್ಲಿ. ಏಕೆ ಆಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಎಲ್ಲಿಯವರೆಗೆ ಆಯಿತು ಎಂದು ನೋಡಬೇಕು. ಕ್ಲಿಕ್ ಮಾಡಿದ ಕೂಡಲೇ ‘ಆ ಹೆಸರಿನ ಕಂಪ್ಯೂಟರ್ ಕಾಣುತ್ತಿಲ್ಲ’ ಎಂದರೆ ನಮ್ಮ ಕೋರಿಕೆ ಮನೆಯ ಹೊಸಿಲೇ ದಾಟಿಲ್ಲ. ಕಚೇರಿಯ ಒಳಗಿನ ಹೆಸರುಗಳು ಕಚೇರಿಯ ಡಿಎನ್‌ಎಸ್‌ಗೆ ಮಾತ್ರ ಗೊತ್ತು. ವಿಪಿಎನ್ ಹಾಕಿಲ್ಲ, ಇಲ್ಲವೇ ಹಾಕಿದರೂ ಅದರ ಡಿಎನ್‌ಎಸ್ ಬಳಕೆಗೆ ಬಂದಿಲ್ಲ. ಇಪ್ಪತ್ತು ಸೆಕೆಂಡಿನಷ್ಟು ಸುತ್ತಿ ಸುತ್ತಿ ಸೋತರೆ ಹೆಸರು ಸಿಕ್ಕಿದೆ, ದಾರಿಯಲ್ಲಿ ಯಾರೋ ಉತ್ತರ ಕೊಡದೆ ಪ್ಯಾಕೆಟ್ ಕೆಳಗೆ ಹಾಕುತ್ತಿದ್ದಾರೆ. ಅದು ಬಹುತೇಕ ಫೈರ್‌ವಾಲ್, ಇಲ್ಲವೇ ತಪ್ಪಿದ ರೂಟ್. ಸರ್ಟಿಫಿಕೇಟಿನ ಹಳದಿ ಎಚ್ಚರಿಕೆ ಬಂತೇ? ಪಾಸ್‌ವರ್ಡ್ ಸರಿಯಿಲ್ಲ ಎಂದಿತೇ? ಹಾಗಾದರೆ ಖುಷಿಪಡಿ. ದಾರಿ ಸರಿಯಿದೆ, ಬಾಗಿಲವರೆಗೂ ಹೋಗಿದ್ದೀರಿ. ಇನ್ನು ರೂಟರ್ ಆಫ್ ಮಾಡಿ ಆನ್ ಮಾಡುವುದು ದಂಡ.

ಪಿಂಗ್ ಬರಲಿಲ್ಲವೆಂದು ಎದೆಗುಂದಬೇಡಿ. ಎಷ್ಟೋ ಕಚೇರಿಗಳು ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಅದರ ಬದಲು ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಕಂಪ್ಯೂಟರಿನ ಹೆಸರನ್ನೂ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ 3389 ಅನ್ನೂ ಕೊಡಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ಬಾಗಿಲು ತೆರೆದಿದೆ, ‘ಫಾಲ್ಸ್’ ಬಂದರೆ ಅಲ್ಲಿಯವರೆಗೆ ಹೋಗಿಲ್ಲ, ಇಲ್ಲವೇ ಬಾಗಿಲು ಮುಚ್ಚಿದೆ. ಅಂತೆಕಂತೆಗಳಿಗೆ ಅಲ್ಲಿಗೆ ತೆರೆ.

ದಾರಿಯ ತೊಂದರೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ವಿಳಾಸಗಳ ಡಿಕ್ಕಿ. ವಿಪಿಎನ್ ಹಸಿರು ತೋರಿಸುತ್ತಿರುತ್ತದೆ, ಮೇಲ್ ಬರುತ್ತಿರುತ್ತದೆ, ಕಂಪ್ಯೂಟರ್ ಮಾತ್ರ ಸಿಗದು. ಐಪಿಕಾನ್ಫಿಗ್ ಹೊಡೆದು ನೋಡಿದರೆ ಮನೆಯ ಲ್ಯಾಪ್‌ಟಾಪ್ 192.168.1.7, ಕಚೇರಿಯ ಕಂಪ್ಯೂಟರ್ 192.168.1.20. ಮನೆಬಳಕೆಯ ಎಷ್ಟೋ ರೂಟರುಗಳು ಪೆಟ್ಟಿಗೆಯಿಂದ ಬರುವಾಗಲೇ ಈ ಸರಣಿ ಹೊತ್ತು ಬರುತ್ತವೆ. ಸಣ್ಣ ಕಚೇರಿಗಳಲ್ಲೂ ಅದನ್ನು ಯಾರೂ ಬದಲಿಸಿರುವುದಿಲ್ಲ. ಲ್ಯಾಪ್‌ಟಾಪಿಗೆ .20 ಎಂದರೆ ತನ್ನ ಮನೆಯದೇ ಯಾವುದೋ ಯಂತ್ರ ಅನ್ನಿಸಿ ಅಲ್ಲೇ ಹುಡುಕುತ್ತದೆ, ವಿಪಿಎನ್ ಸುರಂಗದ ಕಡೆ ತಿರುಗಿಯೂ ನೋಡುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿ ನೋಡಿ. ಕೂಡಲೇ ತೆರೆದರೆ ಕಳ್ಳ ಮನೆಯಲ್ಲೇ ಇದ್ದಾನೆ. ಮನೆಯ ರೂಟರಿನ ಸರಣಿಯನ್ನು 192.168.57 ಎಂದೋ ಮತ್ತೊಂದು ಎಂದೋ ಬದಲಿಸಿದರೆ ರೋಗ ಬೇರು ಸಹಿತ ಹೋಗುತ್ತದೆ.

ಹರಪನಹಳ್ಳಿಯ ಆಡಿಟರ್ ಕಚೇರಿಯಲ್ಲೋ ಗೊಬ್ಬರದ ಅಂಗಡಿಯಲ್ಲೋ ಟ್ಯಾಲಿ ಓಡುವ ಕಂಪ್ಯೂಟರನ್ನು ಊರಿನಿಂದ ತೆರೆಯಬಯಸುವವರ ಕಥೆ ಬೇರೆ. ಅಲ್ಲಿ ವಿಪಿಎನ್ ಇಲ್ಲ, ಐಟಿ ವಿಭಾಗವೂ ಇಲ್ಲ. ನಿನ್ನೆ ಸಿಕ್ಕ ವಿಳಾಸ ಇವತ್ತು ಸಿಗದು. ಹರಪನಹಳ್ಳಿ ತಾಲ್ಲೂಕು ಇದ್ದಲ್ಲೇ ಇದ್ದು 1997ರಲ್ಲಿ ದಾವಣಗೆರೆ ಜಿಲ್ಲೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ಹಾಗೆ, ಬ್ರಾಡ್‌ಬ್ಯಾಂಡ್ ಕೂಡ ಕಂಪ್ಯೂಟರನ್ನು ಕದಲಿಸದೆ ವಿಳಾಸ ಬದಲಿಸುತ್ತಿರುತ್ತದೆ. ಅದಕ್ಕಿಂತ ಕಷ್ಟದ್ದು, ಆ ಕಚೇರಿಗೆ ಸ್ವಂತ ವಿಳಾಸವೇ ಇಲ್ಲದಿರುವುದು. ರೂಟರಿನ ಪುಟದಲ್ಲಿ ವ್ಯಾನ್ (ಹೊರಮುಖದ) ವಿಳಾಸ 100.64ರಿಂದ 100.127ರ ನಡುವೆ ಇದ್ದರೆ, ಬ್ರಾಡ್‌ಬ್ಯಾಂಡ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚಿದೆ ಎಂದರ್ಥ. 2012ರಲ್ಲಿ ಈ ಸರಣಿಯನ್ನು ತೆಗೆದಿರಿಸಿದ್ದೇ ಅದಕ್ಕೆ. ಅಲ್ಲಿಂದ ಹೊರಗೆ ಹೋಗಬಹುದು, ಹೊರಗಿನಿಂದ ನೇರ ಒಳಗೆ ಬರಲಾಗದು. ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಬರೆದರೂ ನೀರಲ್ಲಿ ಹೋಮ. ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಎರಡೂ ಕಡೆಯಿಂದ ಹೊರಕ್ಕೇ ಕರೆ ಮಾಡಿ ನಡುವೆ ಸೇರಿಸುವ ಟೇಲ್‌ಸ್ಕೇಲ್‌ನಂಥದ್ದನ್ನು ಬಳಸಬೇಕು.

ಸ್ಟ್ಯಾಟಿಕ್ ಐಪಿ ಬಂದ ಮರುಗಳಿಗೆಯೇ ‘3389 ಓಪನ್ ಮಾಡಿಬಿಡೋಣ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಖಂಡಿತ ಬೇಡ. 2019ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಬಯಲಾದಾಗ, 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತು. ಪಾಸ್‌ವರ್ಡನ್ನೇ ಕೇಳದೆ ಒಳನುಗ್ಗಲು ಬಿಡುವ ದೋಷ ಅದು. ಪೋರ್ಟ್ ಸಂಖ್ಯೆ 3390 ಮಾಡಿದರೆ ಕಾವಲು ಸಿಕ್ಕಂತಲ್ಲ. ಇಂಟರ್ನೆಟ್ಟನ್ನೆಲ್ಲ ಜಾಲಾಡುವ ಯಂತ್ರಗಳಿಗೆ ಎಣಿಕೆ ಬರುತ್ತದೆ. ಮೊದಲು ವಿಪಿಎನ್, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್. ಇಡೀ ಅಂಗಡಿಯ ಲೆಕ್ಕ ಇರುವ ಯಂತ್ರದ ವಿಷಯದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಬಾಗಿಲು ತೆರೆದ ಮೇಲಿನ ತೊಂದರೆಗಳು ಇನ್ನೂ ಸೊಗಸು. ಪಾಸ್‌ವರ್ಡ್ ಒಪ್ಪಿ, ಪರದೆ ಕಪ್ಪಾಗಿ, ಅಲ್ಲೇ ನಿಂತುಬಿಡುವುದುಂಟು. ಕಾರಣ ಬೇರೆಯೂ ಇರಬಹುದು; ಆದರೆ ಕಚೇರಿಯೊಳಗಿಂದ ತೆರೆದು ವಿಪಿಎನ್ ಮೂಲಕ ಮಾತ್ರ ಹೀಗಾದರೆ ನಾನು ಮೊದಲು ಪ್ಯಾಕೆಟಿನ ಗಾತ್ರ ನೋಡುತ್ತೇನೆ. ಮಾತುಕತೆಯ ಸಣ್ಣ ಪ್ಯಾಕೆಟುಗಳು ದಾಟಿವೆ, ಪರದೆಯ ಚಿತ್ರ ಹೊತ್ತ ದೊಡ್ಡವು ಸಿಕ್ಕಿಬಿದ್ದಿವೆ. ಪಿಂಗ್‌ಗೆ ಉತ್ತರ ಕೊಡುವ ಕಚೇರಿಯ ಯಾವುದಾದರೂ ಯಂತ್ರಕ್ಕೆ, ವಿಪಿಎನ್ ಮೂಲಕವೇ, ‘ಒಡೆಯಬೇಡ’ ಎಂಬ ಷರತ್ತಿನೊಂದಿಗೆ 1472 ಬೈಟಿನ ಪಿಂಗ್ ಕಳಿಸಿ; ದಾಟದಿದ್ದರೆ ಇಳಿಸುತ್ತ ಹೋಗಿ. ಸಾಮಾನ್ಯ ಈಥರ್ನೆಟ್ಟಿನ ಮಿತಿ 1472. ಪಿಪಿಪಿಒಇ ಮೂಲಕ ಲಾಗಿನ್ ಆಗುವ ಫೈಬರಿನಲ್ಲಿ 1464ಕ್ಕೆ ಇಳಿಯುತ್ತದೆ, ವಿಪಿಎನ್ ತನ್ನ ಹೊದಿಕೆಗೆಂದು ಇನ್ನಷ್ಟು ಕಿತ್ತುಕೊಳ್ಳುತ್ತದೆ. ದಾಟುವ ಅಳತೆ ಸಿಕ್ಕಿದ ಮೇಲೆ ಅದಕ್ಕೆ 28 ಕೂಡಿಸಿ ವಿಪಿಎನ್‌ನ ಎಂಟಿಯು (ಪ್ಯಾಕೆಟಿನ ಗರಿಷ್ಠ ಗಾತ್ರ) ಎಂದು ಬರೆದರೆ ಪರದೆಗೆ ಜೀವ ಬರುತ್ತದೆ. ಆಗಾಗ ಹೆಪ್ಪುಗಟ್ಟಿ ಕಡಿದುಹೋಗುವ ಸಂಪರ್ಕಕ್ಕೆ ಇನ್ನೊಂದು ಮದ್ದುಂಟು. 2012ರ ಆವೃತ್ತಿಯಿಂದ ರಿಮೋಟ್ ಡೆಸ್ಕ್‌ಟಾಪ್ ಟಿಸಿಪಿಯ ಜೊತೆ ಯುಡಿಪಿಯನ್ನೂ ಬಳಸುತ್ತದೆ. ಲ್ಯಾಪ್‌ಟಾಪಿನ ಪಾಲಿಸಿಯಲ್ಲಿ ಯುಡಿಪಿ ಆಫ್ ಮಾಡಿ ಒಂದು ದಿನ ನೋಡಿ. ವೇಗ ಕೊಂಚ ತಗ್ಗಿದರೂ ತಾಳ್ಮೆ ಉಳಿಯುತ್ತದೆ.

ನಮ್ಮ ಕಡೆ ಕರೆಂಟಿನ ಮಾತಿಲ್ಲದೆ ಅಂಕಣ ಮುಗಿಯದು. ಬಾಗಳಿಯಲ್ಲಿ ಕರೆಂಟ್ ಹೋದರೆ ಚಿಂತೆಯಿಲ್ಲ: ಸಂಪರ್ಕ ಕಡಿದರೂ ಆ ಕಡೆ ನಿಮ್ಮ ಸೆಷನ್ ಹಾಗೇ ಇರುತ್ತದೆ, ಅರ್ಧ ಬರೆದ ಕಡತ ಅರ್ಧಕ್ಕೇ ಕಾದಿರುತ್ತದೆ. ಈ ಸಾಧನವನ್ನು ನಾನು ಮೆಚ್ಚುವುದೇ ಇದಕ್ಕಾಗಿ. ಕಚೇರಿಯ ಕಡೆ ಹೋದರೆ ಮಾತ್ರ ಆಟ ಮುಗಿಯಿತು. ಕರೆಂಟ್ ಮರಳಿದಾಗ ತಾನಾಗಿ ಎದ್ದೇಳುವಂತೆ ಬಯಾಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿಸಿರಬೇಕು. ನಿದ್ದೆಗೆ ಜಾರುವ ಸ್ಲೀಪ್ ತೆಗೆದಿರಬೇಕು. ವಿಂಡೋಸ್ ಹೋಮ್ ಆವೃತ್ತಿ ಹೊರಗಿನವರನ್ನು ಒಳಗೆ ಬಿಡುವುದೇ ಇಲ್ಲ, ಪ್ರೊ ಬೇಕು. ಪಾಸ್‌ವರ್ಡಿನ ಅವಧಿ ಮುಗಿದಿದ್ದರೆ ದೂರದಿಂದ ಬದಲಿಸಲು, ಒಳಬಿಡುವ ಮೊದಲೇ ಪಾಸ್‌ವರ್ಡ್ ಪರೀಕ್ಷಿಸುವ ಎನ್‌ಎಲ್‌ಎ ಬಿಡದು. ಊರಿಗೆ ಹೊರಡುವ ಮುನ್ನವೇ ಬದಲಿಸಿ. ಇನ್ನು ಅಭ್ಯಾಸಬಲದಿಂದ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ಅದು ನಿಮ್ಮ ಲ್ಯಾಪ್‌ಟಾಪಿಗೇ ಹತ್ತುತ್ತದೆ. ಆ ಕಡೆಗೆ ಕಳಿಸಲು ಕಂಟ್ರೋಲ್-ಆಲ್ಟ್-ಎಂಡ್.

ಇಷ್ಟನ್ನೆಲ್ಲ ಪರೀಕ್ಷಿಸಲು ಊರಿಗೇ ಹೋಗಿ ನೋಡಬೇಕಿಲ್ಲ. ಶುಕ್ರವಾರ ಸಂಜೆ ಕಚೇರಿಯಲ್ಲಿ ಕೂತೇ ಲ್ಯಾಪ್‌ಟಾಪಿನ ಆಫೀಸ್ ವೈಫೈ ಕಡಿದು, ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ, ವಿಪಿಎನ್ ಏರಿ, ಪಕ್ಕದಲ್ಲೇ ಇರುವ ನಿಮ್ಮ ಕಂಪ್ಯೂಟರನ್ನು ಹೊರಗಿನವರಂತೆ ತೆರೆದು ನೋಡಿ. ತೆರೆಯದಿದ್ದರೆ ಸರಿಪಡಿಸುವ ಐಟಿಯವರು ಅಲ್ಲೇ ಎರಡು ಟೇಬಲ್ ಆಚೆ ಇರುತ್ತಾರೆ. ಬಸ್ ಹತ್ತುವುದು ಆಮೇಲೆ.