ಸೇವೆ ಎಂಬ ಮಾತನ್ನು ಒಡೆದು ನೋಡಿದರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಒಂದೇ ಭಾಷಣ: ಯುವಕರೇ, ಸಮಾಜಸೇವೆಗೆ ಮುಂದೆ ಬನ್ನಿ. ಬರೋಣ. ಆದರೆ ಮೊದಲು ಆ 'ಸೇವೆ' ಎಂಬ ಮಾತನ್ನೇ ಒಡೆದು ನೋಡೋಣ.

ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧಿ ಜನ್ಮಶತಾಬ್ದಿಯ ವರ್ಷ. ಅದರ ಧ್ಯೇಯವಾಕ್ಯ 'ನಾನಲ್ಲ, ನೀನು'. ಹೊಟ್ಟೆ ತುಂಬಿದವನಿಗೆ ಒಳ್ಳೆಯ ಪಾಠವೇ. ನಮ್ಮ ಕೇರಿಯ ಹುಡುಗನಿಗೆ ಇದನ್ನು ಕಲಿಸಬೇಕೆ? ಅವನ ಅಜ್ಜ ಬಿಟ್ಟಿ ಚಾಕರಿ ಮಾಡುತ್ತ ಜೀವಮಾನವಿಡೀ ಹೇಳಿದ್ದು ಇದನ್ನೇ: ನಾನಲ್ಲ ಧಣಿ, ನೀವು. ಅವನ ಸೋದರತ್ತೆಗೆ ಮುತ್ತು ಕಟ್ಟಿದಾಗ ಊರು ಅದನ್ನೂ ದೇವರ ಸೇವೆ ಅಂತಲೇ ಕರೆಯಿತು.

ಇನ್ನು ಏಳು ದಿನದ ಶಿಬಿರ. ಹುಡುಗರು ಕೇರಿಯ ಚರಂಡಿ ಬಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. 'ಇದನ್ನ ನಾವು ದಿನಾ ಮಾಡ್ತೀವಲ್ಲಪ್ಪ, ನಮ್ದು ಯಾಕೆ ಸೇವೆ ಅಲ್ಲ?' ಅಂತ ಅಲ್ಲಿನ ಮುದುಕಿ ಕೇಳಿದರೆ ಮೇಷ್ಟ್ರು ಏನು ಹೇಳಿಯಾರು? ಅವಳ ಮೊಮ್ಮಗ ಗುಳೆ ಹೋಗಿರುತ್ತಾನೆ. ಯುವಕರಿಗೆ ಸಮಾಜದ ಕಾಳಜಿ ಇಲ್ಲ ಅನ್ನುವ ಭಾಷಣ ಅವನಿಗೂ ಸೇರಿಯೇ ಇರುತ್ತದೆ!

ಬೆತ್ತಲೆ ಸೇವೆ ಎಂಬುದೂ ಇತ್ತಲ್ಲ. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಚಂದ್ರಗುತ್ತಿಗೆ ಹೋದ ದಲಿತ ಸಂಘರ್ಷ ಸಮಿತಿಯವರು ಜನರಿಂದ ಏಟು ತಿಂದರು. ಎದೆಯ ಮೇಲೆ ಬ್ಯಾಡ್ಜ್ ಇರಲಿಲ್ಲ, ಕೈಗೆ ಪ್ರಮಾಣಪತ್ರ ಸಿಗಲಿಲ್ಲ. ಸೇವೆಯನ್ನು ನಿಲ್ಲಿಸಲು ಹೋದ ಅವರೇ ನನ್ನ ಲೆಕ್ಕದಲ್ಲಿ ಸ್ವಯಂಸೇವಕರು.

ನಮ್ಮಲ್ಲೂ ಅಂಥ ಜಾಗ ಇದೆ: ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ. ದೇವದಾಸಿ ನಿಷೇಧ ಕಾಯ್ದೆ 1982ರದು. ಆಮೇಲೂ ಭರತ ಹುಣ್ಣಿಮೆಯ ಗದ್ದಲದಲ್ಲಿ ಕದ್ದುಮುಚ್ಚಿ ಮುತ್ತು ಕಟ್ಟಿದ ಸುದ್ದಿಗಳು ಬಂದವು. 2007-08ರ ಸಮೀಕ್ಷೆ ರಾಜ್ಯದಲ್ಲಿ ಎಣಿಸಿದ್ದು 46,660 ದೇವದಾಸಿಯರನ್ನು. ಬಹುಪಾಲು ನಮ್ಮ ಕೇರಿಗಳವರೇ.

ಶಿಬಿರವನ್ನು ಆ ಹುಣ್ಣಿಮೆಗೆ, ಆ ಗುಡ್ಡದ ಬುಡದಲ್ಲಿ ಹೂಡಲಿ. ಪೊರಕೆ ಬೇಡ. ಹೆಣ್ಣುಮಗುವನ್ನು ಕರೆದುಕೊಂಡು ಬಂದವರ ಪಕ್ಕ ಕೂತು ಮಾತಾಡಲಿ. ಹುಡುಗಿ ಶಾಲೆ ಬಿಡದ ಹಾಗೆ ವರ್ಷವಿಡೀ ಅವಳ ಮನೆಗೆ ಹೋಗಿಬರಲಿ; ಏಳು ದಿನಕ್ಕೆ ಮುಗಿಯುವ ಕೆಲಸ ಅಲ್ಲ ಅದು. ಊರೊಳಗಿನ ಹುಡುಗರಿಗೆ ಇನ್ನೂ ಕಷ್ಟದ್ದೊಂದಿದೆ. ಮುತ್ತು ಕಟ್ಟಿಸಿಕೊಂಡವಳ ಮಕ್ಕಳ ಅಪ್ಪ ಯಾರು ಅಂತ ತಮ್ಮ ತಮ್ಮ ಮನೆಯಲ್ಲೇ, ಊಟಕ್ಕೆ ಕೂತಾಗ, ಕೇಳಲಿ. ಅದಕ್ಕೆ ಎಷ್ಟು ಗಂಟೆಯ ಸೇವೆ ಅಂತ ಬರೆದುಕೊಳ್ಳುತ್ತಾರೋ ನೋಡೋಣ.