ಗಾಳಿಗೆ ಎದೆ ಕೊಟ್ಟವನು

ಆಷಾಢದಲ್ಲಿ ಬಯಲುಸೀಮೆಯ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ನಾನಿವತ್ತು ಹೇಳಹೊರಟಿದ್ದರಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಎದುರುಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಸಮತಟ್ಟು ದಾರಿಯೂ ದಿಬ್ಬವಾಗುತ್ತದೆ. ಅಷ್ಟರಲ್ಲಿ ಮೇವು ಹೇರಿಕೊಂಡ ಟ್ರ್ಯಾಕ್ಟರೊಂದು ದಾಟಿ ಹೋಗುತ್ತದೆ, ನೀವು ಜೀವ ಬಿಟ್ಟು ಅದರ ಬೆನ್ನು ಹಿಡಿಯುತ್ತೀರಿ. ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ತಟ್ಟನೆ ನಿಲ್ಲುತ್ತದೆ, ಪೆಡಲು ಹಗುರಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಪಟುಗಳ ಪರಂಪರೆಯೇ ಇದೆ. ಅಲ್ಲಿನ ಹುಡುಗರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ.

ಯುರೋಪಿನ ದೊಡ್ಡ ರಸ್ತೆ ರೇಸುಗಳ ಗುಟ್ಟೂ ಇದೇ: ಟ್ರ್ಯಾಕ್ಟರ್ ಯಾರಾಗಬೇಕು, ಮರೆಯಲ್ಲಿ ಕೂರುವವರು ಯಾರು? ಮುಂದಿನವನ ಗಾಲಿಗೆ ಗೇಣು ಬಿಟ್ಟು ಅಂಟಿಕೊಂಡವನಿಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಗುಂಪಿನ ನಟ್ಟನಡುವೆ ಇದ್ದರಂತೂ ಇನ್ನೂ ಸುಖ. ಹಾಗಾಗಿ ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ತಂಡದಿಂದ ಇಳಿಯುವ 8 ಜನರಲ್ಲಿ ಗೆಲ್ಲುವ ಆಸೆ ಇರುವುದು ಒಬ್ಬನಿಗೋ ಇಬ್ಬರಿಗೋ. ಉಳಿದವರು ಅವನಿಗಾಗಿ ಗಾಳಿ ಕುಡಿಯುವವರು. ಫ್ರೆಂಚರು ಇವರನ್ನು ‘ದೊಮೆಸ್ತೀಕ್’ ಎನ್ನುತ್ತಾರೆ, ಅಂದರೆ ಮನೆಯಾಳು. ಬೆಲ್ಜಿಯಂನ ಫ್ಲೆಮಿಷ್ ಮಾತಿನಲ್ಲಿ ‘ನೀರು ಹೊರುವವನು’. ಅದು ಬರೀ ಉಪಮೆಯಲ್ಲ. ತಂಡದ ಕಾರಿನವರೆಗೆ ಹಿಂದೆ ಸರಿದು, ಬೆನ್ನಿನ ಜೇಬಿಗೂ ಕೊರಳ ಸಂದಿಗೂ ಬಾಟಲಿಗಳನ್ನು ತುರುಕಿಕೊಂಡು, ಬಸುರಿಯ ಹಾಗೆ ಉಬ್ಬಿ ಮತ್ತೆ ಗುಂಪು ಸೇರುವವರನ್ನು ಯಾವ ದಿನದ ರೇಸಿನಲ್ಲೂ ನೋಡಬಹುದು. ಗಂಟೆಗಟ್ಟಲೆ ಗುಂಪಿನ ಮುಂದಿದ್ದು ಎಳೆಯುತ್ತಿದ್ದ ಟಿಮ್ ಡೆಕ್ಲರ್ಕ್‌ಗೆ ಬಿದ್ದ ಅಡ್ಡಹೆಸರೇನು ಗೊತ್ತೆ? ಟ್ರ್ಯಾಕ್ಟರ್!

ಈ ಆಳುತನದಲ್ಲಿ ಎಂಥ ನಾಟಕ ಅಡಗಿರುತ್ತದೆ ಎನ್ನುವುದಕ್ಕೆ 2025ರಲ್ಲಿ ನಡೆದ, ಇಟಲಿಯ ಹಲವು ದಿನಗಳ ರೇಸು ಜಿರೊ ಡಿ’ಇಟಾಲಿಯಾದ ಕೊನೆಯ ಶನಿವಾರವೇ ಸಾಕು. ಅಂದಿನ ದಾರಿಯಲ್ಲಿ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಇತ್ತು. ಕನ್ನಡದಲ್ಲಿ ಹೇಳುವುದಾದರೆ ಕಿಟಕಿಗಳ ಘಟ್ಟ. ಹದಿನೆಂಟೂವರೆ ಕಿಲೋಮೀಟರ್ ಉದ್ದದ ಕಡಿದಾದ ಏರು. ಮೇಲಿನ ಎಂಟು ಕಿಲೋಮೀಟರ್‌ನಷ್ಟು ಡಾಂಬರಿಲ್ಲದ ಜಲ್ಲಿ ದಾರಿ. ಇದೇ ಘಟ್ಟ 2018ರಲ್ಲಿ ಸೈಮನ್ ಯೇಟ್ಸ್‌ನನ್ನು ನುಂಗಿತ್ತು. ಅಂದು ಅಗ್ರಸ್ಥಾನದ ಗುಲಾಬಿ ಅಂಗಿ ತೊಟ್ಟು ಏರತೊಡಗಿದವನು ಕುಸಿದುಹೋದ. ಅತ್ತ ಕ್ರಿಸ್ ಫ್ರೂಮ್ 80 ಕಿಲೋಮೀಟರ್ ಒಬ್ಬನೇ ತುಳಿದು ಗೆದ್ದ. ಇತ್ತ ಯೇಟ್ಸ್ 38 ನಿಮಿಷಕ್ಕೂ ಹೆಚ್ಚು ತಡವಾಗಿ ಗುರಿ ಮುಟ್ಟಿದ.

ಏಳು ವರ್ಷಗಳ ಬಳಿಕ ಅದೇ ಘಟ್ಟಕ್ಕೆ ಅವನು ಮತ್ತೆ ಬಂದಾಗ ಎಲ್ಲ ದಿನಗಳ ಒಟ್ಟು ಸಮಯದ ಲೆಕ್ಕದಲ್ಲಿ ಮೂರನೆಯ ಸ್ಥಾನದಲ್ಲಿದ್ದ, 81 ಸೆಕೆಂಡು ಹಿಂದೆ. ಗುಲಾಬಿ ಅಂಗಿ ಇದ್ದದ್ದು 21ರ ಹರೆಯದ ಮೆಕ್ಸಿಕೊ ಹುಡುಗ ಇಸಾಕ್ ಡೆಲ್ ಟೋರೊ ಮೈಮೇಲೆ. ಎರಡನೆಯವನು ಈಕ್ವೆಡಾರ್‌ನ ರಿಚರ್ಡ್ ಕರಪಾಜ್. ಏರಿನಲ್ಲಿ ಯೇಟ್ಸ್ ಮೇಲಿಂದ ಮೇಲೆ ಜಿಗಿದು ಕೊನೆಗೂ ತಪ್ಪಿಸಿಕೊಂಡ. ಹಿಂದುಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ‘ನಾನು ಎಳೆದರೆ ನೀನು ನನ್ನ ಮರೆಯಲ್ಲಿ ಸುಖವಾಗಿ ಬಂದು ಕೊನೆಯಲ್ಲಿ ನನ್ನನ್ನೇ ಸೋಲಿಸುತ್ತೀಯ’ ಎನ್ನುವ ಅನುಮಾನ ಇಬ್ಬರಿಗೂ. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ಆದರೂ ಘಟ್ಟದ ನೆತ್ತಿಯಲ್ಲಿ ಯೇಟ್ಸ್‌ಗೆ ಸಿಕ್ಕ ಅಂತರ ಎರಡು ನಿಮಿಷದೊಳಗೇ ಇತ್ತು. ಮುಂದೆ ಇಳಿಜಾರು, ಕಣಿವೆ, ಆಮೇಲೆ ಸೆಸ್ಟ್ರಿಯೇರ್‌ವರೆಗೆ ನಿಧಾನದ ಏರು. ಕಡಿದಾದ ಏರಿನಲ್ಲಿ ವೇಗ ಕಡಿಮೆ, ಆದ್ದರಿಂದ ಮರೆಯ ಬೆಲೆಯೂ ಕಡಿಮೆ. ಕಣಿವೆಯಲ್ಲಿ ಹಾಗಲ್ಲ. ಅಲ್ಲಿ ಒಂಟಿ ಸವಾರನನ್ನು ಗಾಳಿ ಹಿಂಡಿ ಹಿಪ್ಪೆ ಮಾಡುತ್ತದೆ. ಅಲ್ಲಿ ಕಾಯುತ್ತಿದ್ದವನು ಯೇಟ್ಸ್‌ನ ತಂಡದವನೇ ಆದ ಬೆಲ್ಜಿಯಂನ ವೌಟ್ ವಾನ್ ಆರ್ಟ್. ಮುಂಚೆಯೇ ಮುನ್ನುಗ್ಗಿದ ಗುಂಪಿನ ಜೊತೆ ಅವನು ಹೊರಟುಹೋಗಿದ್ದ. ಟಿ.ವಿ. ಮುಂದೆ ಕೂತ ಅನೇಕರಿಗೆ ಅವನ ನೆನಪೇ ಇರಲಿಲ್ಲ. ಈಗ ಯೇಟ್ಸ್‌ನ ಮುಂದೆ ಬಂದು ತಲೆ ತಗ್ಗಿಸಿ ಎಳೆಯತೊಡಗಿದ. ನಮ್ಮಲ್ಲಿ ರಾತ್ರಿ ಊಟದ ಹೊತ್ತು; ತಟ್ಟೆಯಲ್ಲಿ ಅನ್ನ ಆರಿಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಇಬ್ಬರು ಇನ್ನೂ ಚೌಕಾಸಿಯಲ್ಲಿದ್ದರು. ಅಂತರ ಐದು ನಿಮಿಷ ದಾಟಿತು. ಮರುದಿನ ರೋಮಿನಲ್ಲಿ ಜಿರೊ ಯೇಟ್ಸ್‌ನದಾಯಿತು, ಒಟ್ಟು ಲೆಕ್ಕದಲ್ಲಿ ಡೆಲ್ ಟೋರೊಗಿಂತ 3 ನಿಮಿಷ 56 ಸೆಕೆಂಡು ಮುಂದೆ.

ವಾನ್ ಆರ್ಟ್ ಸಾಮಾನ್ಯನೇನಲ್ಲ. 2020ರ ಮಿಲಾನ್–ಸಾನ್ ರೆಮೊ ರೇಸು ಗೆದ್ದವನು. ಅದೇ ಜಿರೊದಲ್ಲಿ ಸಿಯೆನಾದ ಚೌಕದಲ್ಲಿ ಡೆಲ್ ಟೋರೊನನ್ನೇ ಹಿಂದೆ ಹಾಕಿ ಒಂದು ಹಂತ ಗೆದ್ದಿದ್ದ. ಹುಡುಗನಿಗೆ ಗುಲಾಬಿ ಅಂಗಿ ಬಂದದ್ದೂ ಅವತ್ತೇ. ಅಂಥ ರಾಜನೇ ಆಳಾಗಿ ನಿಂತಾಗ ಆಳುತನಕ್ಕೆ ಬೇರೆಯದೇ ಘನತೆ ಬರುತ್ತದೆ.

ಎಲ್ಲರಿಗೂ ಅದು ಅಷ್ಟು ಸಿಹಿಯಾಗಿರುವುದಿಲ್ಲ. 1934ರ ಟೂರ್‌ನಲ್ಲಿ ರೆನೆ ವಿಯೆಟ್ಟೊ ಎಂಬ 20 ವರ್ಷದ ಹುಡುಗ ಬೆಟ್ಟಗಳಲ್ಲಿ ಎಲ್ಲರನ್ನೂ ಬೆರಗುಗೊಳಿಸುತ್ತಿದ್ದ. ಪಿರಿನೀಸ್ ಪರ್ವತದಲ್ಲಿ ಅವನ ತಂಡದ ನಾಯಕ ಆಂತೋನಾ ಮಾನ್ಯನ ಗಾಲಿ ಕೆಟ್ಟಿತು. ವಿಯೆಟ್ಟೊ ತನ್ನ ಮುಂದಿನ ಗಾಲಿಯನ್ನೇ ಬಿಚ್ಚಿ ಕೊಟ್ಟ. ಮರುದಿನ ಮತ್ತೆ ನಾಯಕನಿಗೆ ತೊಂದರೆಯಾದಾಗ, ಆಗಲೇ ಮುಂದೆ ಹೋಗಿದ್ದ ಹುಡುಗ ಬಂದ ದಾರಿಯನ್ನೇ ತಿರುಗಿ ಹತ್ತಿ ನೆರವಿಗೆ ಬಂದ. ಮಾನ್ಯ ಟೂರ್ ಗೆದ್ದ, ವಿಯೆಟ್ಟೊ ಐದನೆಯವನಾದ. ಗಾಲಿಯಿಲ್ಲದ ಸೈಕಲ್ಲಿನ ಪಕ್ಕ, ಕಲ್ಲುಗೋಡೆಯ ಮೇಲೆ ಕೂತು ಅಳುತ್ತಿರುವ ಅವನ ಚಿತ್ರವನ್ನು ಫ್ರೆಂಚರು ಇಂದಿಗೂ ಮರೆತಿಲ್ಲ. ಸೈಕಲ್ ರೇಸಿನ ತ್ಯಾಗದ ಬಗ್ಗೆ ಯಾರಾದರೂ ಹೂವಿನ ಮಾತಾಡಿದರೆ ನನಗೆ ಆ ಗೋಡೆ ನೆನಪಾಗುತ್ತದೆ. ಕೊಟ್ಟವನು ನಗುತ್ತಲೇ ಕೊಟ್ಟಿರಬೇಕೆಂದೇನಿಲ್ಲ. ಗೆದ್ದವನು ಬಹುಮಾನದ ಹಣವನ್ನು ತಂಡದವರಿಗೆ ಹಂಚುವ ಸಂಪ್ರದಾಯ ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಹೊಸದಾಗಿ ನೋಡುವವರು ನನ್ನನ್ನು ಕೇಳುತ್ತಾರೆ: ‘ನಾಲ್ಕೈದು ಗಂಟೆ ಅದೇ ಸೈಕಲ್, ಅದೇ ರಸ್ತೆ, ಏನು ನೋಡುತ್ತೀರಿ ಮಾರಾಯರೆ?’ ಗುಂಪಿನ ಮೂತಿಯಲ್ಲಿ ಯಾವ ಬಣ್ಣದ ಅಂಗಿ ಇದೆ ನೋಡಿ. ಅವತ್ತು ಗೆಲ್ಲುವ ಹಂಚಿಕೆ ಆ ತಂಡದ್ದು. ಅವರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಣಿಸಿ. ಘಟ್ಟ ಬರುವ ಮೊದಲೇ ನಾಲ್ವರು ಸುಸ್ತಾಗಿ ಹಿಂದೆ ಸರಿದಿದ್ದರೆ ನಾಯಕನ ಗತಿ ಕಷ್ಟ. ಬೆಳಗ್ಗೆ ತಪ್ಪಿಸಿಕೊಂಡ ಗುಂಪಿನಲ್ಲಿ ಯಾರ ಆಳು ಇದ್ದಾನೆ, ಅವನು ತನಗಾಗಿ ತುಳಿಯುತ್ತಿದ್ದಾನೋ ಮುಂದೆ ಹೋಗಿ ಯಾರಿಗೋ ಕಾಯಲಿದ್ದಾನೋ, ಅದನ್ನು ಊಹಿಸಿ. ಯಾರು ತನ್ನ ಪಾಳಿ ಬಂದಾಗಲೂ ಎಳೆಯದೆ ಮೊಣಕೈ ಆಡಿಸಿ ‘ನೀನು ಮುಂದೆ ಬಾ’ ಎನ್ನುತ್ತಿದ್ದಾನೆ ಗಮನಿಸಿ.

ಕೊನೆಯ ಕಿಲೋಮೀಟರಿಗೆ ಮಾತ್ರ ಟಿ.ವಿ. ಹಾಕುವವರು ಮದುವೆ ಮನೆಗೆ ಎಲೆ ಅಡಿಕೆ ಹೊತ್ತಿಗೆ ಬಂದವರ ಹಾಗೆ. ಇನ್ನೊಂದು ಟೂರ್ ಬರುವ ಹೊತ್ತಿಗೆ ನಮ್ಮಲ್ಲಿ ಆಷಾಢದ ಗಾಳಿ ಬೀಸುತ್ತಿರುತ್ತದೆ. ಒಂದು ಗಂಟೆ ಮುಂಚೆ ಬನ್ನಿ. ಮುಂದೆ ಕೂತು ಎಳೆಯುತ್ತಿರುವವನ ಹೆಸರು ಕೇಳಿ ತಿಳಿದುಕೊಳ್ಳಿ, ಯಾಕೆಂದರೆ ಗುರಿ ಮುಟ್ಟುವ ಹೊತ್ತಿಗೆ ಕ್ಯಾಮೆರಾ ಅವನನ್ನು ಬಿಟ್ಟಿರುತ್ತದೆ.